ನಕ್ಷೆಗಿಂತ ಮೊದಲು ನೆಲ: ವಿದ್ಯಾರ್ಥಿಗಳಿಗೆ ಭೂಗೋಳದ ಮೂಲ ಪರಿಕಲ್ಪನೆಗಳನ್ನೂ ನಕ್ಷಾ ಸಾಧನಗಳನ್ನೂ ಕಲಿಸುವ ಸಮಗ್ರ ಮಾರ್ಗದರ್ಶಿ

ಅಕ್ಷಾಂಶ ಮತ್ತು ರೇಖಾಂಶಗಳ ವ್ಯಾಖ್ಯೆಯನ್ನು ತಪ್ಪಿಲ್ಲದೆ ಒಪ್ಪಿಸುವ ವಿದ್ಯಾರ್ಥಿಯನ್ನು ಎದ್ದು ನಿಲ್ಲಿಸಿ 'ಉತ್ತರ ಯಾವ ಕಡೆಗಿದೆ, ಕೈ ಚಾಚಿ ತೋರಿಸು' ಎಂದು ಕೇಳಿದರೆ, ಬೆರಳು ಎಷ್ಟೋ ಸಲ ಚಾವಣಿಯ ಕಡೆಗೆ ಏಳುತ್ತದೆ. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಉತ್ತರವನ್ನು ಸದಾ ಮೇಲ್ಗಡೆಯೇ ಕಂಡವರಿಗೆ ಅದು ಸಹಜವಾದ ತಪ್ಪು. ಈ ತಪ್ಪಿನ ಮೂಲ ಮಕ್ಕಳ ಅಜಾಗರೂಕತೆಯಲ್ಲಿಲ್ಲ. ನಾವು ಕಲಿಸುವ ಕ್ರಮದಲ್ಲಿದೆ. ಮೊದಲ ದಿನವೇ ಪ್ರಪಂಚದ ನಕ್ಷೆಯನ್ನೋ ಪರದೆಯ ಮೇಲಿನ ಉಪಗ್ರಹ ಚಿತ್ರವನ್ನೋ ತೋರಿಸಿ, ಆಮೇಲೆ ಸ್ವಂತ ಕೋಣೆಗೆ ಇಳಿಯುವ ಪಾಠಗಳು ಹೆಚ್ಚು ಕಡಿಮೆ ಎಲ್ಲ ಕಡೆಯೂ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಇಲ್ಲಿ ಕ್ರಮ ತಿರುಗುಮುರುಗಾಗಿದೆ: ಮೊದಲು ಕಾಲು ಅಳೆಯಬಲ್ಲ ನೆಲ, ನಂತರ ಕಾಗದ, ನಂತರ ಗೋಳ, ಕಟ್ಟಕಡೆಗೆ ಪರದೆ.

10ರಿಂದ 14 ವರ್ಷದ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಹಂತಗಳನ್ನು ಜೋಡಿಸಲಾಗಿದೆ. ಒಂದು ಹಂತ ಕೈಗೆ ಹತ್ತುವ ಮೊದಲು ಮುಂದಿನದಕ್ಕೆ ಹೋಗಬೇಡಿ. ಹಿಂದಿನ ಹಂತದ ಗೊಂದಲ ಮುಂದಿನ ಹಂತದಲ್ಲಿ ಬೇರೆ ವೇಷದಲ್ಲಿ ಮರಳಿ ಬರುತ್ತದೆ.

ಮೊದಲೇ ಒದಗಿಸಿಕೊಳ್ಳಬೇಕಾದವು

ಕನಿಷ್ಠ 20 ಮೀಟರ್ ಉದ್ದದ ಅಳತೆ ಟೇಪು, ಸುಮಾರು 1 ಮೀಟರ್ ಉದ್ದದ ನೇರವಾದ ಕೋಲು, ದಾರ, ಕಲ್ಲು ಕಟ್ಟಿದ ತೂಗುದಾರ, ಸೀಮೆಸುಣ್ಣ, ಗ್ರಾಫ್ ಹಾಳೆಗಳು, ಪ್ರತಿ ಗುಂಪಿಗೊಂದು ಸಾಧಾರಣ ದಿಕ್ಸೂಚಿ, ಒಂದು ಗೋಳ, ಹರಿದರೂ ಚಿಂತೆಯಿಲ್ಲದ ಹಳೆಯ ಟೊಳ್ಳು ರಬ್ಬರ್ ಚೆಂಡು, ಜೇಡಿಮಣ್ಣು, ಆಳವಾದ ತಟ್ಟೆ ಮತ್ತು ಒಂದು ಪಾರದರ್ಶಕ ಹಾಳೆ ಇದ್ದರೆ ಸಾಕು. ಕಂಪ್ಯೂಟರ್ ಬೇಕಾಗುವುದು 8ನೆಯ ಹಂತದಿಂದ ಮುಂದೆ. ಅದೂ ತರಗತಿಗೆ ಒಂದಿದ್ದರೆ ಕೆಲಸ ನಡೆಯುತ್ತದೆ.

ಹಂತ 1: ಮೇಲಿನಿಂದ ನೋಡುವುದು

ನಕ್ಷೆಯೆಂದರೆ ನೆಟ್ಟಗೆ ಮೇಲಿನಿಂದ ಕಂಡ ನೆಲ ಎಂಬುದು ದೊಡ್ಡವರಿಗೆ ಎಷ್ಟು ಸ್ಪಷ್ಟವೋ ಮಕ್ಕಳಿಗೆ ಅಷ್ಟೇ ಅಸ್ಪಷ್ಟ. ಮೇಜಿನ ಮೇಲೆ ಹಾಳೆ ಹಾಸಿ, ಅದರ ಮೇಲೆ ಒಂದು ಡಬ್ಬಿ, ಒಂದು ಪುಸ್ತಕ, ಒಂದು ಲೋಟ ಇಟ್ಟು, ಅವುಗಳ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಲು ಹೇಳಿ. ವಸ್ತುಗಳನ್ನು ತೆಗೆದ ಮೇಲೆ ಉಳಿಯುವ ಆಯತ ಮತ್ತು ವೃತ್ತಗಳೇ ವಿದ್ಯಾರ್ಥಿ ಬರೆದ ಮೊದಲ ನಕ್ಷೆ.

ಎಚ್ಚರಿಕೆಯ ಗುರುತು ಒಂದೇ: ಕೋಣೆಯ ನಕ್ಷೆ ಬರೆಯಲು ಹೇಳಿದಾಗ ಕುರ್ಚಿಗೆ ನಾಲ್ಕು ಕಾಲು, ಬಾಗಿಲಿಗೆ ಚಿಲಕ ಬಂದರೆ ವಿದ್ಯಾರ್ಥಿ ಇನ್ನೂ ಪಕ್ಕದಿಂದ ನೋಡುತ್ತಿದ್ದಾನೆ ಎಂದರ್ಥ. ಆಗ ಚಿತ್ರವನ್ನು ತಿದ್ದಲು ಹೋಗದೆ, ವಸ್ತುವಿನ ಸುತ್ತ ಗೆರೆ ಎಳೆಯುವ ಕೆಲಸವನ್ನೇ ಮತ್ತೆ ಮಾಡಿಸಿ.

ಹಂತ 2: ದಿಕ್ಕನ್ನು ನೆಲದ ಮೇಲೆ ಕಂಡುಹಿಡಿಯುವುದು

ದಿಕ್ಸೂಚಿಯನ್ನು ಈಗಲೇ ಹೊರತೆಗೆಯಬೇಡಿ. ಬೆಳಗಿನ ಬಿಸಿಲಿನಲ್ಲಿ, ಮಧ್ಯಾಹ್ನಕ್ಕೆ ಸುಮಾರು ಎರಡು ಗಂಟೆ ಮೊದಲು, ಸಮತಟ್ಟಾದ ಜಾಗದಲ್ಲಿ ಕೋಲನ್ನು ನೆಟ್ಟಗೆ ನಿಲ್ಲಿಸಿ. ನೆಟ್ಟಗಿದೆಯೇ ಎಂಬುದನ್ನು ತೂಗುದಾರದಿಂದ ಎರಡು ಕಡೆಯಿಂದ ನೋಡಿ ಖಚಿತಪಡಿಸಿಕೊಳ್ಳಿ. ನೆರಳಿನ ತುದಿಯನ್ನು ಗುರುತಿಸಿ, ಕೋಲಿನ ಬುಡವನ್ನು ಕೇಂದ್ರವಾಗಿಟ್ಟುಕೊಂಡು ಆ ಗುರುತಿನ ಮೂಲಕ ಹಾಯುವಂತೆ ದಾರದಿಂದ ವೃತ್ತ ಎಳೆಯಿರಿ. ಮಧ್ಯಾಹ್ನದ ಹೊತ್ತಿಗೆ ನೆರಳು ಕುಗ್ಗಿ ವೃತ್ತದೊಳಗೆ ಸೇರಿ, ನಂತರ ಮತ್ತೆ ಬೆಳೆದು ಇನ್ನೊಂದು ಬದಿಯಲ್ಲಿ ವೃತ್ತವನ್ನು ಮುಟ್ಟುತ್ತದೆ. ಅಲ್ಲಿ ಎರಡನೆಯ ಗುರುತು ಹಾಕಿ. ಬೆಳಗಿನ ಗುರುತು ಪಶ್ಚಿಮ, ಮಧ್ಯಾಹ್ನದ ನಂತರದ ಗುರುತು ಪೂರ್ವ. ಎರಡನ್ನೂ ಸೇರಿಸುವ ಗೆರೆಗೆ ಲಂಬವಾಗಿ ಎಳೆದ ಗೆರೆ ಉತ್ತರ–ದಕ್ಷಿಣ. ಪೂರ್ವಕ್ಕೆ ಮುಖಮಾಡಿ ನಿಂತವರ ಎಡಗೈ ಕಡೆಗಿರುವುದು ಉತ್ತರ. ಈ ವಿಧಾನ ಭೂಮಧ್ಯೆಯ ಪ್ರದೇಶದಲ್ಲೂ ನಡೆಯುತ್ತದೆ, ಸಮಶೀತೋಷ್ಣ ವಲಯದಲ್ಲೂ ನಡೆಯುತ್ತದೆ.

ಇಲ್ಲಿ ಎರಡು ತಪ್ಪು ನಂಬಿಕೆಗಳನ್ನು ಆಗಿಂದಾಗಲೇ ಬಿಡಿಸಬೇಕು. ಸೂರ್ಯ ಪ್ರತಿದಿನವೂ ಸರಿಯಾಗಿ ಪೂರ್ವದಲ್ಲೇ ಹುಟ್ಟುತ್ತಾನೆ ಎಂಬುದು ಮೊದಲನೆಯದು. ಅದು ನಿಜವಾಗುವುದು ಮಾರ್ಚ್ 20–21 ಮತ್ತು ಸೆಪ್ಟೆಂಬರ್ 22–23ರ ಸುಮಾರಿಗೆ ಮಾತ್ರ, ಉಳಿದ ದಿನಗಳಲ್ಲಿ ಹುಟ್ಟುವ ಜಾಗ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುತ್ತದೆ. ನಡುಹಗಲಿನ ನೆರಳು ಯಾವಾಗಲೂ ಉತ್ತರವನ್ನೇ ತೋರಿಸುತ್ತದೆ ಎಂಬುದು ಎರಡನೆಯದು. ಕರ್ಕಾಟಕ ಮತ್ತು ಮಕರ ಸಂಕ್ರಾಂತಿ ವೃತ್ತಗಳ ನಡುವಿನ ಪ್ರದೇಶದಲ್ಲಿ ಅದು ವರ್ಷದ ಕೆಲವು ಕಾಲ ಉತ್ತರಕ್ಕೂ ಕೆಲವು ಕಾಲ ದಕ್ಷಿಣಕ್ಕೂ ಬೀಳುತ್ತದೆ.

ನೆಲದ ಮೇಲೆ ಉತ್ತರ ಸಿಕ್ಕ ಮೇಲೆ ದಿಕ್ಸೂಚಿ ಕೊಟ್ಟು ಎರಡನ್ನೂ ಹೋಲಿಸಲು ಹೇಳಿ. ಮುಳ್ಳು ತೋರಿಸುವುದು ಕಾಂತೀಯ ಉತ್ತರವನ್ನು, ಕೋಲು ತೋರಿಸಿದ್ದು ಭೌಗೋಳಿಕ ಉತ್ತರವನ್ನು; ಎರಡರ ನಡುವಿನ ಕೋನ ಸ್ಥಳದಿಂದ ಸ್ಥಳಕ್ಕೆ ಬದಲಾಗುತ್ತದೆ, ವರ್ಷಗಳು ಕಳೆದಂತೆಯೂ ಬದಲಾಗುತ್ತದೆ. ನಾನೊಮ್ಮೆ ಈ ಪಾಠವನ್ನು ಕಬ್ಬಿಣದ ಕಾಲುಗಳಿದ್ದ ಮೇಜುಗಳ ಮೇಲೆ ನಡೆಸಿ, ನಾಲ್ಕು ಗುಂಪುಗಳಿಂದ ನಾಲ್ಕು ಬೇರೆ ಬೇರೆ ಉತ್ತರಗಳನ್ನು ಪಡೆದಿದ್ದೆ. ದಿಕ್ಸೂಚಿಯನ್ನು ಕಬ್ಬಿಣ, ಮೊಬೈಲು, ಆಯಸ್ಕಾಂತದ ಗುಂಡಿಯಿರುವ ಚೀಲ ಇವುಗಳಿಂದ ದೂರವಿಟ್ಟು, ಮಟ್ಟಸವಾಗಿ ಹಿಡಿದು ನೋಡಬೇಕು. ಮೊಬೈಲಿನಲ್ಲಿರುವ ದಿಕ್ಸೂಚಿಯನ್ನು ಬಳಸುವುದಾದರೆ, ಮೊದಲು ಫೋನನ್ನು ಗಾಳಿಯಲ್ಲಿ 8ರ ಆಕಾರದಲ್ಲಿ ಕೆಲವು ಸಲ ತಿರುಗಿಸಿ ಸರಿಹೊಂದಿಸಿಕೊಳ್ಳಬೇಕು.

ಹಂತದ ಕೊನೆಗೆ ಪರೀಕ್ಷೆ: ನಕ್ಷೆಯನ್ನು ಗೋಡೆಯಿಂದ ಇಳಿಸಿ ನೆಲದ ಮೇಲೆ ಹಾಸಿ, ಅದರ ಉತ್ತರ ನಿಜವಾದ ಉತ್ತರಕ್ಕೆ ತಿರುಗುವಂತೆ ಇಡಲು ಹೇಳಿ. ಇದೊಂದನ್ನು ರೂಢಿಸಿದರೆ 'ಮೇಲೆ ಎಂದರೆ ಉತ್ತರ' ಎಂಬ ಭ್ರಮೆ ಬಹುಮಟ್ಟಿಗೆ ಕರಗುತ್ತದೆ.

ಹಂತ 3: ಹೆಜ್ಜೆ, ಅಳತೆ ಮತ್ತು ಪ್ರಮಾಣ

ಅಂಗಳದಲ್ಲಿ ಟೇಪಿನಿಂದ 20 ಮೀಟರ್ ದೂರವನ್ನು ಗುರುತಿಸಿ, ಪ್ರತಿಯೊಬ್ಬರೂ ತಮ್ಮ ಎಂದಿನ ನಡಿಗೆಯಲ್ಲಿ ಮೂರು ಸಲ ನಡೆದು ಹೆಜ್ಜೆಗಳನ್ನು ಎಣಿಸಿ ಸರಾಸರಿ ತೆಗೆಯಲಿ. 32 ಹೆಜ್ಜೆಗಳಾದರೆ ಒಂದು ಹೆಜ್ಜೆ 62.5 ಸೆಂಟಿಮೀಟರ್. ಅಳತೆಯೆಂದು ತಿಳಿದ ಕೂಡಲೇ ಮಕ್ಕಳು ಹೆಜ್ಜೆಯನ್ನು ಉದ್ದ ಮಾಡುತ್ತಾರೆ. ಮೂರು ಎಣಿಕೆಗಳ ನಡುವೆ ಎರಡು ಮೂರು ಹೆಜ್ಜೆಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ನಡೆಸಿ.

ನಂತರ ಕೋಣೆಯನ್ನು ಅಳೆದು ಗ್ರಾಫ್ ಹಾಳೆಗೆ ಇಳಿಸಬೇಕು. 1:50 ಪ್ರಮಾಣದಿಂದ, ಅಂದರೆ ನೆಲದ 50 ಸೆಂಟಿಮೀಟರಿಗೆ ಹಾಳೆಯ 1 ಸೆಂಟಿಮೀಟರ್ ಎಂಬ ಲೆಕ್ಕದಿಂದ ಶುರುಮಾಡಿ. 9 ಮೀಟರ್ ಉದ್ದ, 6 ಮೀಟರ್ ಅಗಲದ ಕೋಣೆ ಹಾಳೆಯ ಮೇಲೆ 18 ಮತ್ತು 12 ಸೆಂಟಿಮೀಟರ್ ಆಗುತ್ತದೆ. ಹೆಚ್ಚಿನವರು ಸುಲಭವೆಂದು 1:100 ಆರಿಸಿಕೊಳ್ಳುತ್ತಾರೆ. ಆದರೆ ಅಲ್ಲಿ 9 ಮೀಟರ್ 9 ಸೆಂಟಿಮೀಟರ್ ಆಗಿಬಿಡುವುದರಿಂದ, ವಿದ್ಯಾರ್ಥಿ ಸಂಖ್ಯೆಯನ್ನು ಹಾಗೆಯೇ ಬರೆದು ಏನನ್ನೂ ಯೋಚಿಸದೆ ದಾಟುತ್ತಾನೆ. ಲೆಕ್ಕ ಮಾಡುವಾಗ ಮೊದಲು ಎಲ್ಲವನ್ನೂ ಸೆಂಟಿಮೀಟರಿಗೆ ತಂದು ಆಮೇಲೆ ಭಾಗಿಸಬೇಕೆಂಬ ನಿಯಮ ಹಾಕಿಕೊಟ್ಟರೆ ಅರ್ಧದಷ್ಟು ತಪ್ಪುಗಳು ಹುಟ್ಟುವುದೇ ಇಲ್ಲ.

'ದೊಡ್ಡ ಪ್ರಮಾಣದ ನಕ್ಷೆ' ಎಂಬ ಮಾತು ದೊಡ್ಡವರನ್ನೂ ಎಡವಿಸುತ್ತದೆ. 1:500ರ ನಕ್ಷೆ ಸಣ್ಣ ಜಾಗವನ್ನು ತೋರಿಸಿದರೂ ಅದೇ ದೊಡ್ಡ ಪ್ರಮಾಣದ ನಕ್ಷೆ, ಏಕೆಂದರೆ 500ರಲ್ಲಿ ಒಂದು ಭಾಗ 50,000ದಲ್ಲಿ ಒಂದು ಭಾಗಕ್ಕಿಂತ ದೊಡ್ಡದು. ಬಾಯಿಪಾಠ ಮಾಡಿಸುವ ಬದಲು, ಒಂದೇ ಮರವನ್ನು ಎರಡೂ ಪ್ರಮಾಣದಲ್ಲಿ ಬರೆಯಲು ಹೇಳಿ: 5 ಮೀಟರ್ ಅಗಲದ ಮರ 1:500ರಲ್ಲಿ 1 ಸೆಂಟಿಮೀಟರ್ ಆಗುತ್ತದೆ, 1:50,000ದಲ್ಲಿ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವಾಗಿ ಕಣ್ಣಿಗೆ ಮರೆಯಾಗುತ್ತದೆ. ಮರ ಎಲ್ಲಿ ದೊಡ್ಡದಾಗಿ ಕಂಡಿತೋ ಅದು ದೊಡ್ಡ ಪ್ರಮಾಣ.

ಪ್ರಮಾಣವನ್ನು ಅಂಕಿಯಲ್ಲಿ ಬರೆಸುವುದರ ಜೊತೆಗೆ, ನೆಲದ ಮೀಟರುಗಳನ್ನು ಗುರುತಿಸಿದ ಗೆರೆಯಾಗಿಯೂ ಬರೆಸಿ. 1:50ರ ಹಾಳೆಯನ್ನು ಜೆರಾಕ್ಸ್ ಯಂತ್ರದಲ್ಲಿ ಇಮ್ಮಡಿ ಹಿಗ್ಗಿಸಿದರೆ ನಿಜವಾದ ಪ್ರಮಾಣ 1:25 ಆಗಿರುತ್ತದೆ, ಹಾಳೆಯ ಮೇಲಿನ ಅಂಕಿ ಮಾತ್ರ 1:50 ಎಂದೇ ಹೇಳುತ್ತಿರುತ್ತದೆ. ಗೆರೆಯಾದರೋ ನಕ್ಷೆಯ ಜೊತೆಗೆ ತಾನೂ ಹಿಗ್ಗಿ ಸತ್ಯವನ್ನು ಉಳಿಸಿಕೊಳ್ಳುತ್ತದೆ.

ಹಂತ 4: ಚಿಹ್ನೆಗಳು ಮತ್ತು ಸೂಚಿ

ಇದಕ್ಕೆ ಹೆಚ್ಚು ಸಮಯ ಬೇಡ. ಬಿಂದು, ಗೆರೆ, ಹರವು ಎಂಬ ಮೂರೇ ಬಗೆಯಲ್ಲಿ ನೆಲದ ಮೇಲಿನ ಎಲ್ಲವನ್ನೂ ತೋರಿಸಬಹುದು ಎಂಬುದನ್ನು ಹೇಳಿ, ಅಂಗಳದ ನಕ್ಷೆಯಲ್ಲಿ ನಲ್ಲಿ, ದಾರಿ, ಮೈದಾನ ಇವನ್ನು ಬರೆಸಿ ನೋಡಿ. ಬಿಂದು, ಗೆರೆ, ಹರವುಗಳ ಈ ವಿಂಗಡಣೆ ಕಂಪ್ಯೂಟರಿನ ನಕ್ಷೆಗಳಲ್ಲೂ ಹಾಗೆಯೇ ಇರುವುದರಿಂದ ಮುಂದೆ ಉಪಯೋಗಕ್ಕೆ ಬರುತ್ತದೆ. ಶೀರ್ಷಿಕೆ, ದಿಕ್ಕಿನ ಬಾಣ, ಪ್ರಮಾಣ, ಸೂಚಿ (ಯಾವ ಚಿಹ್ನೆ ಏನನ್ನು ತೋರಿಸುತ್ತದೆ ಎಂಬ ಪಟ್ಟಿ), ದಿನಾಂಕ ಇವು ಐದೂ ಇಲ್ಲದ ಹಾಳೆಯನ್ನು ನಕ್ಷೆಯೆಂದು ಒಪ್ಪಿಕೊಳ್ಳಬೇಡಿ. ಹೆಚ್ಚಾಗಿ ಬಿಟ್ಟುಹೋಗುವುದು ದಿನಾಂಕ.

ಹಂತ 5: ಎತ್ತರವನ್ನು ಚಪ್ಪಟೆ ಹಾಳೆಯಲ್ಲಿ ತೋರಿಸುವುದು

ಆಳವಾದ ತಟ್ಟೆಯಲ್ಲಿ ಜೇಡಿಮಣ್ಣಿನಿಂದ ಒಂದು ಬದಿ ಕಡಿದಾಗಿಯೂ ಇನ್ನೊಂದು ಬದಿ ಇಳಿಜಾರಾಗಿಯೂ ಇರುವ ಗುಡ್ಡ ಮಾಡಿಸಿ. ತಟ್ಟೆಯ ಗೋಡೆಗೆ ಸೆಂಟಿಮೀಟರ್ ಗುರುತು ಹಾಕಿ, ಒಂದೊಂದೇ ಸೆಂಟಿಮೀಟರ್ ನೀರು ತುಂಬುತ್ತಾ, ಪ್ರತಿ ಸಲವೂ ನೀರಿನ ಅಂಚು ಮುಟ್ಟಿದ ಕಡೆ ಮಣ್ಣಿನ ಮೇಲೆ ಮೊಳೆಯಿಂದ ಗೆರೆ ಗೀಚಿ. ನೀರು ಚೆಲ್ಲಿ, ಪಾರದರ್ಶಕ ಹಾಳೆಯನ್ನು ತಟ್ಟೆಯ ಮೇಲೆ ಹಾಸಿ, ಒಂದು ಕಣ್ಣು ಮುಚ್ಚಿ ನೆಟ್ಟಗೆ ಮೇಲಿನಿಂದ ನೋಡುತ್ತಾ ಆ ಗೆರೆಗಳನ್ನು ಹಾಳೆಗೆ ಇಳಿಸಿದರೆ ಸಮೋನ್ನತ ರೇಖೆಗಳು ಸಿದ್ಧ. ಕಡಿದಾದ ಬದಿಯಲ್ಲಿ ಗೆರೆಗಳು ಒತ್ತೊತ್ತಾಗಿ ಬಂದಿರುವುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ; ನೀವು ಮೊದಲೇ ಹೇಳಿಬಿಡಬೇಡಿ.

ಸಮೋನ್ನತ ರೇಖೆಗಳನ್ನು ಕಾಲುದಾರಿಗಳೆಂದು ಓದುವುದು ಸಾಮಾನ್ಯ ತಪ್ಪು. 'ಈ ಗೆರೆಯ ಮೇಲೆಯೇ ನಡೆದರೆ ಏರುತ್ತೀಯಾ, ಇಳಿಯುತ್ತೀಯಾ?' ಎಂದು ಕೇಳಿ. ಎರಡೂ ಅಲ್ಲ, ಅದೇ ಎತ್ತರದಲ್ಲಿ ಇರುತ್ತೇನೆ ಎಂಬ ಉತ್ತರ ಬರುವವರೆಗೆ ಮುಂದೆ ಹೋಗಬೇಡಿ. ವಿದ್ಯಾರ್ಥಿ ಬರೆದ ನಕ್ಷೆಯಲ್ಲಿ ಎರಡು ಬೇರೆ ಎತ್ತರದ ರೇಖೆಗಳು ಒಂದನ್ನೊಂದು ಅಡ್ಡಹಾಯ್ದಿದ್ದರೆ ಹಾಳೆಯನ್ನು ಹಿಂದಿರುಗಿಸಿ. ಒಂದೇ ಜಾಗಕ್ಕೆ ಎರಡು ಎತ್ತರವಿರಲು ಸಾಧ್ಯವಿಲ್ಲ.

ಹಂತ 6: ಚೌಕುಳಿಯಿಂದ ಅಕ್ಷಾಂಶ ಮತ್ತು ರೇಖಾಂಶಕ್ಕೆ

ಮೊದಲು ಕೋಣೆಯ ನಕ್ಷೆಗೆ ಅಡ್ಡಕ್ಕೆ ಅಕ್ಷರ, ಉದ್ದಕ್ಕೆ ಅಂಕಿ ಇರುವ ಚೌಕುಳಿ ಹಾಕಿಸಿ, ಬಚ್ಚಿಟ್ಟ ವಸ್ತುವನ್ನು ಹುಡುಕುವ ಆಟ ಆಡಿಸಿ. ಎರಡು ಸಂಖ್ಯೆಗಳಿಂದ ಒಂದು ಜಾಗ ಸಿಗುತ್ತದೆ ಎಂಬುದು ತಿಳಿದ ನಂತರವೇ ಗೋಳವನ್ನು ಮೇಜಿನ ಮೇಲಿಡಿ.

ಇಲ್ಲಿನ ದೊಡ್ಡ ಗೊಂದಲವೆಂದರೆ ಅಕ್ಷಾಂಶದ ಗೆರೆಗಳು ಪೂರ್ವ–ಪಶ್ಚಿಮವಾಗಿ ಹರಿದರೂ ಅವು ಅಳೆಯುವುದು ಉತ್ತರ–ದಕ್ಷಿಣದ ದೂರವನ್ನು. ಏಣಿಯ ಮೆಟ್ಟಿಲನ್ನು ನೆನಪಿಸಿ: ಮೆಟ್ಟಿಲು ಅಡ್ಡಕ್ಕಿದೆ, ಆದರೆ ಅದು ಹೇಳುವುದು ಎಷ್ಟು ಮೇಲೇರಿದ್ದೇವೆ ಎಂಬುದನ್ನು. ಸಮಭಾಜಕ ವೃತ್ತದಿಂದ ಧ್ರುವದವರೆಗೆ ಅಕ್ಷಾಂಶ 0ಯಿಂದ 90 ಡಿಗ್ರಿ. ಪ್ರಧಾನ ರೇಖಾಂಶದಿಂದ ಪೂರ್ವಕ್ಕೂ ಪಶ್ಚಿಮಕ್ಕೂ ರೇಖಾಂಶ 0ಯಿಂದ 180 ಡಿಗ್ರಿ. ಒಂದು ಡಿಗ್ರಿ ಅಕ್ಷಾಂಶ ಎಲ್ಲೆಡೆಯೂ ಸುಮಾರು 111 ಕಿಲೋಮೀಟರ್. ರೇಖಾಂಶದ ಒಂದು ಡಿಗ್ರಿಯಾದರೆ ಸಮಭಾಜಕ ವೃತ್ತದ ಮೇಲೆ ಸುಮಾರು 111, 60 ಡಿಗ್ರಿ ಅಕ್ಷಾಂಶದಲ್ಲಿ ಅದರ ಅರ್ಧ, ಧ್ರುವದಲ್ಲಿ ಸೊನ್ನೆ. ಗೋಳದ ಮೇಲೆ ದಾರ ಹಿಡಿದು ಅಳೆದರೆ ಇದು ಕಣ್ಣಿಗೇ ಕಾಣುತ್ತದೆ. ಸಮಯದ ವ್ಯತ್ಯಾಸವನ್ನೂ ಇಲ್ಲಿಯೇ ಸೇರಿಸಬಹುದು: ಭೂಮಿ 24 ಗಂಟೆಗಳಲ್ಲಿ 360 ಡಿಗ್ರಿ ತಿರುಗುವುದರಿಂದ 15 ಡಿಗ್ರಿಗೆ ಒಂದು ಗಂಟೆ.

ಬರೆಯುವಾಗ ಆಗುವ ಮೂರು ತಪ್ಪುಗಳನ್ನು ಬೇಕೆಂದೇ ಮಾಡಿಸಿ ತೋರಿಸುವುದು ಒಳ್ಳೆಯದು.

ಮೊದಲನೆಯದು, ಅಕ್ಷಾಂಶ ಮತ್ತು ರೇಖಾಂಶಗಳ ಅದಲುಬದಲು. ಸಿಂಗಪುರದ ಸ್ಥಾನ 1.35, 103.82. ತಿರುಗಿಸಿ ಬರೆದರೆ 103.82 ಡಿಗ್ರಿ ಅಕ್ಷಾಂಶ ಬರುತ್ತದೆ, ಅಂಥದ್ದು ಇಲ್ಲವೇ ಇಲ್ಲ. ತಪ್ಪು ಆಗಲೇ ಸಿಕ್ಕಿಬೀಳುತ್ತದೆ. ಕೈರೋದ ಸ್ಥಾನ 30.04, 31.24. ಇದನ್ನು ತಿರುಗಿಸಿದರೆ ಗುರುತು ಅದೇ ದೇಶದ ಅಲೆಕ್ಸಾಂಡ್ರಿಯಾದ ಹತ್ತಿರ ಹೋಗಿ ಕೂರುತ್ತದೆ, ಯಾರಿಗೂ ಅನುಮಾನವೇ ಬರುವುದಿಲ್ಲ. ಅಪಾಯಕಾರಿ ತಪ್ಪು ಈ ಎರಡನೆಯ ಬಗೆಯದು.

ಎರಡನೆಯದು, ಚಿಹ್ನೆ ಬಿಡುವುದು. ದಕ್ಷಿಣ ಅಕ್ಷಾಂಶಕ್ಕೂ ಪಶ್ಚಿಮ ರೇಖಾಂಶಕ್ಕೂ ಋಣ ಚಿಹ್ನೆ ಬೇಕು. ನೈರೋಬಿಯ −1.29ನ್ನು 1.29 ಎಂದು ಬರೆದರೆ ಊರು ಸುಮಾರು 286 ಕಿಲೋಮೀಟರ್ ಉತ್ತರಕ್ಕೆ ಜಿಗಿಯುತ್ತದೆ.

ಮೂರನೆಯದು, ಮಿನಿಟುಗಳನ್ನು ದಶಮಾಂಶವೆಂದು ಓದುವುದು. 60 ಮಿನಿಟು ಸೇರಿದರೆ ಒಂದು ಡಿಗ್ರಿ, ಆದ್ದರಿಂದ 30 ಡಿಗ್ರಿ 30 ಮಿನಿಟು ಎಂದರೆ 30.5, 30.30 ಅಲ್ಲ. ಈ 0.2 ಡಿಗ್ರಿಯ ಅಂತರ ಅಕ್ಷಾಂಶದಲ್ಲಿ ಸುಮಾರು 22 ಕಿಲೋಮೀಟರ್.

ಹಂತ 7: ಗೋಳವನ್ನು ಚಪ್ಪಟೆ ಮಾಡುವುದು

ರಬ್ಬರ್ ಚೆಂಡಿನ ಮೇಲೆ ಖಂಡಗಳನ್ನು ಒರಟಾಗಿ ಬರೆದು, ಕತ್ತರಿಸಿ, ಮೇಜಿನ ಮೇಲೆ ಚಪ್ಪಟೆಯಾಗಿ ಒತ್ತಲು ಹೇಳಿ. ಹರಿಯಬೇಕು, ಇಲ್ಲವೇ ಎಳೆದು ಹಿಗ್ಗಿಸಬೇಕು, ಮೂರನೆಯ ದಾರಿಯಿಲ್ಲ. ಚಪ್ಪಟೆ ನಕ್ಷೆಗಳೆಲ್ಲವೂ ಆಕಾರ, ವಿಸ್ತೀರ್ಣ, ದೂರ, ದಿಕ್ಕು ಇವುಗಳಲ್ಲಿ ಯಾವುದನ್ನಾದರೂ ಬಿಟ್ಟುಕೊಟ್ಟೇ ತಯಾರಾಗಿರುತ್ತವೆ. ಹಾಗೆ ಬಿಟ್ಟುಕೊಡುವ ಕ್ರಮಕ್ಕೆ ಪ್ರಕ್ಷೇಪವೆಂದು ಹೆಸರು.

ಮರ್ಕೇಟರ್ ಪ್ರಕ್ಷೇಪದ ನಕ್ಷೆಯಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ. ವಾಸ್ತವದಲ್ಲಿ ಆಫ್ರಿಕಾ ಅದರ ಸುಮಾರು 14 ಪಟ್ಟು. ಇದನ್ನು ಬಾಯಲ್ಲಿ ಹೇಳದೆ ಗೋಳದ ಪಕ್ಕದಲ್ಲಿ ನಕ್ಷೆಯನ್ನಿಟ್ಟು ತೋರಿಸಿ. ಇನ್ನೊಂದು ಪ್ರಯೋಗ: ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ಎರಡೂ 40 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಚಪ್ಪಟೆ ನಕ್ಷೆಯಲ್ಲಿ ಅವುಗಳ ನಡುವಿನ ನೇರ ದಾರಿ ಅದೇ ಅಕ್ಷಾಂಶದ ಉದ್ದಕ್ಕೂ ಹೋದಂತೆ ತೋರುತ್ತದೆ. ಗೋಳದ ಮೇಲೆ ದಾರವನ್ನು ಬಿಗಿಯಾಗಿ ಎಳೆದರೆ ಅದು ಉತ್ತರಕ್ಕೆ ಬಳಸಿ ಹೋಗುತ್ತದೆ. 'ಹಾಗಾದರೆ ನಕ್ಷೆ ಸುಳ್ಳೇ?' ಎಂಬ ಪ್ರಶ್ನೆ ತರಗತಿಯಲ್ಲಿ ಎದ್ದರೆ ಪಾಠ ಸರಿಯಾದ ಜಾಡಿನಲ್ಲಿದೆ.

ಹಂತ 8: ಪರದೆಯ ಮೇಲಿನ ನಕ್ಷೆ

ಗೂಗಲ್ ಅರ್ಥ್ ಅಥವಾ ಯಾರು ಬೇಕಾದರೂ ತಿದ್ದಬಹುದಾದ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದಾಗ ಮೊದಲ ಕೆಲಸ ದೂರದ ದೇಶಗಳನ್ನು ಸುತ್ತುವುದಲ್ಲ. 3ನೆಯ ಹಂತದಲ್ಲಿ ತಾವೇ ಅಳೆದ ಅಂಗಳವನ್ನು ಹುಡುಕಿ, ಅಳೆಯುವ ಸಾಧನದಿಂದ ಅದೇ ದೂರವನ್ನು ಅಳೆದು, ಹೆಜ್ಜೆಯ ಲೆಕ್ಕದೊಂದಿಗೆ ಹೋಲಿಸಲಿ. ಎರಡರ ನಡುವೆ ಹೆಚ್ಚು ವ್ಯತ್ಯಾಸವಿದ್ದರೆ ಯಾವುದು ತಪ್ಪೆಂದು ವಾದಿಸಲು ಬಿಡಿ. ಯಂತ್ರ ಹೇಳಿದ್ದೇ ಸರಿ ಎಂದು ತೀರ್ಮಾನಿಸಬೇಡಿ.

ಎರಡನೆಯ ಕೆಲಸ: ಗೂಗಲ್ ಮ್ಯಾಪ್ಸ್‌ನಂಥ ಚಪ್ಪಟೆ ನಕ್ಷೆಯಲ್ಲಿ ಸಮಭಾಜಕ ವೃತ್ತದ ಬಳಿ ಪರದೆಯ ಮೂಲೆಯಲ್ಲಿರುವ ಪ್ರಮಾಣದ ಗೆರೆಯನ್ನು ನೋಡಿಕೊಂಡು, ಹಿಗ್ಗಿಸುವ ಮಟ್ಟವನ್ನು ಬದಲಿಸದೆ ನಕ್ಷೆಯನ್ನು ನಾರ್ವೆಯವರೆಗೆ ಎಳೆಯಿರಿ. ಗೆರೆ ಹೇಳುವ ದೂರ ಬದಲಾಗಿರುತ್ತದೆ. ಇದು ಉಪಕರಣದ ದೋಷವಲ್ಲ, 7ನೆಯ ಹಂತದಲ್ಲಿ ಚೆಂಡು ಹರಿದ ಕಥೆಯೇ.

ಉಪಗ್ರಹ ಚಿತ್ರ ಈ ಕ್ಷಣದ್ದೆಂದು ಬಹಳಷ್ಟು ಮಕ್ಕಳು ನಂಬಿರುತ್ತಾರೆ. ಹೊರಗೆ ಹೋಗಿ ಕೈಬೀಸಿ ಬಂದು ಪರದೆಯಲ್ಲಿ ತಮ್ಮನ್ನು ಹುಡುಕಿದವರೂ ಇದ್ದಾರೆ. ಚಿತ್ರದ ದಿನಾಂಕವನ್ನು ನೋಡುವುದನ್ನು ಅಭ್ಯಾಸ ಮಾಡಿಸಿ. ಮೊಬೈಲಿನ ಜಿಪಿಎಸ್ ತೆರೆದ ಆಕಾಶದ ಕೆಳಗೂ ಸಾಮಾನ್ಯವಾಗಿ ಸುಮಾರು 5 ಮೀಟರ್ ಆಚೀಚೆ ಇರುತ್ತದೆ, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಪರದೆ ದಶಮಾಂಶದ ನಂತರ ಏಳು ಅಂಕಿ ತೋರಿಸಿತೆಂದು ಅಷ್ಟು ನಿಖರತೆ ಬಂದಿತೆಂದಲ್ಲ. ಐದನೆಯ ಅಂಕಿಯೇ ಸುಮಾರು ಒಂದು ಮೀಟರಿಗೆ ಸಮ. ಆದ್ದರಿಂದ 3 ಮೀಟರ್ ಅಗಲದ ಹೂಪಾತಿಯನ್ನು ಮೊಬೈಲಿನಿಂದ ಅಳೆಯಲು ಕೊಡಬೇಡಿ.

ಹಂತ 9: ಸ್ವಂತ ಮಾಹಿತಿಯಿಂದ ನಕ್ಷೆ

ಅಂಗಳದ ಮರಗಳನ್ನೋ ಕಸದ ಬುಟ್ಟಿಗಳನ್ನೋ ಆರಿಸಿಕೊಂಡು ಹೆಸರು, ಅಕ್ಷಾಂಶ, ರೇಖಾಂಶ, ಒಂದು ಗುಣ ಎಂಬ ನಾಲ್ಕು ಕಂಬಸಾಲಿನ ಪಟ್ಟಿ ಮಾಡಿಸಿ. ನಕ್ಷೆ ತಯಾರಿಸಲು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶಕ್ಕೆ ಈ ಪಟ್ಟಿಯನ್ನು ಸಿಎಸ್‌ವಿ ಕಡತವಾಗಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯವಾಗಿ) ಕೊಡಬಹುದು. ಕಡತವನ್ನು ಉಳಿಸುವಾಗ ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮವನ್ನು ಆಯ್ಕೆ ಮಾಡದಿದ್ದರೆ ಕನ್ನಡದ ಹೆಸರುಗಳು ಅರ್ಥವಿಲ್ಲದ ಗುರುತುಗಳಾಗಿ ಕಾಣಿಸುತ್ತವೆ. ಸ್ಥಾನವನ್ನು ಕೇಳುವಲ್ಲಿ ಎಕ್ಸ್ ಎಂದರೆ ರೇಖಾಂಶ, ವೈ ಎಂದರೆ ಅಕ್ಷಾಂಶ. ಅಕ್ಷಾಂಶವನ್ನು ಮೊದಲು ಹೇಳಿ ರೂಢಿಯಾದವರು ಇಲ್ಲಿ ತಪ್ಪದೆ ಎಡವುತ್ತಾರೆ. ನಿರ್ದೇಶಾಂಕ ವ್ಯವಸ್ಥೆಯಾಗಿ ಇಪಿಎಸ್‌ಜಿ 4326 ಅನ್ನು ಆರಿಸಿ; ಡಿಗ್ರಿಯಲ್ಲಿ ಬರೆದ ಅಕ್ಷಾಂಶ ರೇಖಾಂಶಗಳಿಗೆ ಬಳಸುವ ವ್ಯವಸ್ಥೆಯ ಸಂಕೇತ ಅದು.

ಗುರುತುಗಳೆಲ್ಲ ಆಫ್ರಿಕಾದ ಪಶ್ಚಿಮಕ್ಕೆ ಗಿನಿ ಕೊಲ್ಲಿಯ ನೀರಿನಲ್ಲಿ ಗುಂಪಾಗಿ ಬಿದ್ದಿದ್ದರೆ ಗಾಬರಿಯಾಗಬೇಕಿಲ್ಲ. ಅಲ್ಲಿ ಅಕ್ಷಾಂಶವೂ ರೇಖಾಂಶವೂ ಸೊನ್ನೆ. ಕಡತದಲ್ಲಿ ಆ ಅಂಕಣಗಳಿಗೆ ಸೊನ್ನೆ ಬಿದ್ದಿದೆ ಎಂಬುದಷ್ಟೇ ಅದರ ಅರ್ಥ. ಒಂದೇ ಒಂದು ಗುರುತು ದೂರದಲ್ಲಿದ್ದರೆ ಆ ಸಾಲಿನ ಚಿಹ್ನೆಯನ್ನೂ ಮಿನಿಟುಗಳನ್ನೂ ನೋಡಿ.

ಎರಡು ಎಚ್ಚರಿಕೆಗಳು ಇಲ್ಲಿ ಬೇಕೇ ಬೇಕು. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಮಾಡಿದ ಬದಲಾವಣೆ ಜಗತ್ತಿನ ಎಲ್ಲರಿಗೂ ಕಾಣುವುದರಿಂದ ಅಭ್ಯಾಸದ ಗೆರೆಗಳನ್ನು ಅಲ್ಲಿ ಉಳಿಸಕೂಡದು, ಬೇರೆ ಕಂಪನಿಯ ನಕ್ಷೆಯಿಂದ ಅಲ್ಲಿಗೆ ನಕಲು ಮಾಡುವುದಂತೂ ನಿಷಿದ್ಧ. ಮತ್ತೆ, ವಿದ್ಯಾರ್ಥಿಗಳು ತಮ್ಮ ಮನೆಯನ್ನು ಹೆಸರಿನ ಸಮೇತ ಸಾರ್ವಜನಿಕ ನಕ್ಷೆಯಲ್ಲಿ ಗುರುತಿಸುವುದಕ್ಕೆ ಅವಕಾಶ ಕೊಡಬಾರದು.

ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬೇಡ. ಒಂದು ಗುಂಪು ಅಂಗಳದಲ್ಲಿ ಒಂದು ವಸ್ತುವನ್ನು ಬಚ್ಚಿಟ್ಟು ಕಾಗದದ ನಕ್ಷೆಯನ್ನು ಮಾತ್ರ ಇನ್ನೊಂದು ಗುಂಪಿಗೆ ಕೊಡಲಿ, ಬಾಯಿ ಬಿಡಬಾರದು. ಹುಡುಕುವವರು ಎದುರುದಿಕ್ಕಿಗೆ ಹೋದರೆ ತಪ್ಪು 2ನೆಯ ಹಂತದಲ್ಲಿದೆ. ದಿಕ್ಕು ಸರಿಯಾಗಿದ್ದು ವಸ್ತುವನ್ನು ದಾಟಿಹೋದರೆ 3ನೆಯದರಲ್ಲಿ. ಜಾಗಕ್ಕೆ ಬಂದು ನಿಂತೂ ಯಾವುದರ ಕೆಳಗೆ ಹುಡುಕಬೇಕೆಂದು ತಿಳಿಯದಿದ್ದರೆ 4ನೆಯದರಲ್ಲಿ. ಯಾವ ಹಂತವೆಂದು ಗೊತ್ತಾದ ಮೇಲೆ ಆ ಒಂದು ಹಂತವನ್ನು ಮಾತ್ರ, ಬೇರೊಂದು ಜಾಗದಲ್ಲಿ, ಮತ್ತೆ ನಡೆಸಿ.